ಆಯಿಲ್ ಕ್ಯಾಪ್ ಕಡೆಗೂ ಒಂದು ಕಣ್ಣಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುನ್ನ ಕಾರನ್ನು ಹೇಗೆ ಸಜ್ಜುಗೊಳಿಸಬೇಕೆಂಬ ಬಗ್ಗೆ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಬರಹವನ್ನು ಓದಿದೆ. ಟೈರು, ವೈಪರ್, ಬ್ರೇಕ್, ಬ್ಯಾಟರಿಗಳ ಬಗ್ಗೆ ಅದರಲ್ಲಿ ಹೇಳಿರುವುದೆಲ್ಲ ಉಪಯುಕ್ತವಾಗಿದೆ. ಆದರೆ ಬಾನೆಟ್ ಎತ್ತಿದೊಡನೆ ಕಣ್ಣಿಗೆ ಬೀಳುವ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಭಾಗದ ಪ್ರಸ್ತಾಪ ಅಲ್ಲಿರಲಿಲ್ಲ. ಎಂಜಿನ್ನಿಗೆ ಆಯಿಲ್ ಸುರಿಯುವ ಬಾಯಿಗೆ ಹಾಕುವ, ಗ್ಯಾರೇಜಿನವರು ‘ಆಯಿಲ್ ಕ್ಯಾಪ್’ ಎಂದು ಕರೆಯುವ ಮುಚ್ಚಳವೇ ಅದು. ಸುಮಾರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನಾನು ಮೆಕ್ಯಾನಿಕ್ ಅಲ್ಲ. ಆದರೂ ಎರಡು ವರ್ಷಗಳ ಹಿಂದೆ ಘಾಟಿಯ ನಡುವೆ ಕಲಿಯಬೇಕಾಗಿ ಬಂದ ಪಾಠವೊಂದನ್ನು, ಅನಂತರ ತಿಳಿದವರಿಂದ ಕೇಳಿ ಅರಿತುಕೊಂಡ ಸಂಗತಿಗಳನ್ನು ತಮ್ಮ ಓದುಗರೊಡನೆ ಹಂಚಿಕೊಳ್ಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಆ ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ಕುಂದಾಪುರದ ನೆಂಟರ ಮನೆಗೆ ಹೋಗಿ, ಸಿದ್ದಾಪುರ, ಹೊಸಂಗಡಿಗಳ ಮೇಲೆ ಬಾಳೆಬರೆ ಘಾಟಿ ಹತ್ತಿ ಸಾಗರಕ್ಕೆ ಮರಳುತ್ತಿದ್ದೆವು. ಸಾಗರದಿಂದ ಹೊರಡುವ ಹಿಂದಿನ ದಿನವಷ್ಟೇ ನಮ್ಮ ಒಂಬತ್ತು ವರ್ಷದ ಪೆಟ್ರೋಲ್ ಕಾರಿಗೆ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದ್ದರು. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಸುಟ್ಟ ಎಣ್ಣೆಯ ವಾಸನೆ ಒಳಗೆ ಬಂತು. ಮುಂದೆ ಹೋಗುತ್ತಿದ್ದ ಲಾರಿಯದಿರಬೇಕೆಂದುಕೊಂಡು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ಟಿನ ಅಂಚುಗಳಿಂದ ನೀಲಿ ಬಣ್ಣದ ಹೊಗೆ ಏಳತೊಡಗಿತು. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಶ್ರೀಮತಿಯನ್ನು ಕೆಳಗಿಳಿಸಿ, ಹೊಗೆ ಕಡಿಮೆಯಾದ ಮೇಲೆ ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿನ ಮೇಲ್ಭಾಗವೆಲ್ಲ ಹೊಸ ಆಯಿಲ್‌ನಿಂದ ತೊಯ್ದು ಹೋಗಿತ್ತು. ಮುಚ್ಚಳ ಅದರ ಜಾಗದಲ್ಲಿರಲಿಲ್ಲ. ಆಯಿಲ್ ಬದಲಾಯಿಸಿದವರು ಅದನ್ನು ಬಾಯಿಯ ಮೇಲಿಟ್ಟು ಅರ್ಧಕ್ಕೆ ತಿರುಗಿಸಿ ಬಿಟ್ಟಿದ್ದರು. ಕುಂದಾಪುರಕ್ಕೆ ಹೋಗುವಾಗ ಹೇಗೋ ತಡೆದುಕೊಂಡಿದ್ದ ಅದು, ಮರಳುವಾಗಿನ ಅದುರಾಟಕ್ಕೆ ಕಳಚಿ ಬಿದ್ದಿತ್ತು.

ಗಾಬರಿಯಲ್ಲಿ ನಾನು ಕಾರೊರೆಸುವ ಹತ್ತಿ ಬಟ್ಟೆಯನ್ನು ಉಂಡೆ ಮಾಡಿ ಆ ಬಾಯಿಗೆ ತುರುಕಲು ಹೊರಟಿದ್ದೆ. ಹಿಂದೆ ಬಂದು ನಿಂತ ಲಾರಿಯ ಚಾಲಕರು ಓಡಿ ಬಂದು, “ಬಟ್ಟೆ ತುರುಕಬೇಡಿ ಮಾರಾಯ್ರೇ, ಒಳಗೆ ಹೋದರೆ ಎಂಜಿನ್ನೇ ಹೋಯ್ತು” ಎಂದು ನನ್ನ ಕೈ ಹಿಡಿದರು. ಬಾಯಿಯ ನೇರ ಕೆಳಗೆ ತಿರುಗುವ ಕ್ಯಾಮ್ ಶಾಫ್ಟ್ ಎಂಬ ದಂಡ ಬಟ್ಟೆಯ ಒಂದು ಎಳೆಯನ್ನು ಹಿಡಿದುಕೊಂಡರೂ ಸಾಕು, ಉಳಿದದ್ದನ್ನೆಲ್ಲ ಒಳಕ್ಕೆಳೆದುಕೊಳ್ಳಬಹುದು ಎಂದು ಆಮೇಲೆ ವಿವರಿಸಿದರು. ಬಾನೆಟ್ಟಿನ ಕೆಳಗೆ ಟಾರ್ಚ್ ಹಿಡಿದು ಹುಡುಕಿದಾಗ ಬ್ಯಾಟರಿಗೂ ಪಕ್ಕದ ತಗಡಿಗೂ ನಡುವಿನ ಸಂದಿಯಲ್ಲಿ ಮುಚ್ಚಳ ಸಿಕ್ಕಿಕೊಂಡಿತ್ತು. ಅದು ರಸ್ತೆಗೆ ಬೀಳದೆ ಉಳಿದದ್ದು ನಮ್ಮ ಪುಣ್ಯ. ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿಳಿದಿತ್ತು. ಅವರು ತಮ್ಮ ಲಾರಿಗೆಂದು ಇಟ್ಟುಕೊಂಡಿದ್ದ ಡಬ್ಬಿಯಿಂದ ಒಂದು ಲೀಟರಿನಷ್ಟು ಆಯಿಲ್ ಹಾಕಿ, ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆಯಾದ ಮ್ಯಾನಿಫೋಲ್ಡ್ ತಣಿಯುವವರೆಗೆ ನಮ್ಮೊಡನೆ ನಿಂತು, ಅದರ ಸುತ್ತ ಚೆಲ್ಲಿದ್ದ ಎಣ್ಣೆಯನ್ನು ಒರೆಸಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಲಾರಿಯ ಆಯಿಲ್ ನಮ್ಮ ಕಾರಿಗೆ ಹೇಳಿದ ದರ್ಜೆಯದಲ್ಲವಾದರೂ ಆಯಿಲ್ಲೇ ಇಲ್ಲದೆ ಓಡಿಸುವುದಕ್ಕಿಂತ ಅದೇ ಮೇಲು, ಊರು ಸೇರಿದ ಮೇಲೆ ಪೂರ್ತಿ ಬದಲಾಯಿಸಿಕೊಳ್ಳಿ ಎಂದು ಅವರು ಹೇಳಿದಂತೆಯೇ ಮಾಡಿದೆ.

ಅಂದು ಆದದ್ದು ಹೊಗೆ ಮಾತ್ರ. ಬೆಂಕಿಯೂ ಆಗಬಹುದಿತ್ತು. ಎಂಜಿನ್ ಆಯಿಲ್‌ನಿಂದ ಏಳುವ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳಲು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕು. ಘಾಟಿ ಏರುವ ಎಂಜಿನ್ನಿನ ಹೊಗೆ ಹೊರಬೀಳುವ ಮ್ಯಾನಿಫೋಲ್ಡ್ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಎಂಜಿನ್ನಿನ ನೆತ್ತಿಯನ್ನು ಮುಚ್ಚುವ ಟ್ಯಾಪೆಟ್ ಕವರಿನ ಮೇಲಿಂದ ಹರಿದ ಎಣ್ಣೆ ಅನೇಕ ಕಾರುಗಳಲ್ಲಿ ನೇರವಾಗಿ ಅದರ ಮೇಲೆಯೇ ಬೀಳುತ್ತದೆ.

ಈ ಮುಚ್ಚಳದ ಕೆಲಸ ಆಯಿಲ್ ಚೆಲ್ಲದಂತೆ, ಕಸ ಬೀಳದಂತೆ ತಡೆಯುವುದಷ್ಟೇ ಎಂದು ನಾನು ತಿಳಿದಿದ್ದೆ. ಅದು ಅರ್ಧ ಸತ್ಯ. ಪಿಸ್ಟನ್ ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲದ ಒಂದಂಶ ಅವುಗಳ ಸಂದಿಯಿಂದ ಕೆಳಗೆ ಆಯಿಲ್ ಇರುವ ಕ್ರ್ಯಾಂಕ್ ಕೇಸ್ ಎಂಬ ಭಾಗಕ್ಕೆ ನುಸುಳುತ್ತಲೇ ಇರುತ್ತದೆ. ಹಳೆಯ ಕಾಲದ ಎಂಜಿನ್ನುಗಳಲ್ಲಿ ಅದನ್ನು ಕೊಳವೆಯೊಂದರ ಮೂಲಕ ಗಾಳಿಗೇ ಬಿಡುತ್ತಿದ್ದರು. ಆಗಿನ ಎಷ್ಟೋ ಆಯಿಲ್ ಕ್ಯಾಪ್‌ಗಳ ಒಳಗೆ ತಂತಿಯ ಜಾಲರಿಯಿದ್ದು, ಎಂಜಿನ್ ಅವುಗಳ ಮೂಲಕವೇ ಉಸಿರಾಡುತ್ತಿತ್ತು. ಮಾಲಿನ್ಯ ನಿಯಮಗಳು ಬಂದ ಮೇಲೆ ಆ ಅನಿಲವನ್ನು ಹೊರಗೆ ಬಿಡದೆ, ಪಿಸಿವಿ ಎಂಬ ಕವಾಟದ ಮೂಲಕ ಮತ್ತೆ ಎಂಜಿನ್ನಿನೊಳಗೇ ಸೆಳೆದು ಸುಡುವ ವ್ಯವಸ್ಥೆ ಬಂತು. 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿಎಸ್ 6 ಎಂಬ ಮಾಲಿನ್ಯ ಮಾನದಂಡದ ಕಾರುಗಳಲ್ಲಂತೂ ಈ ಲೆಕ್ಕಾಚಾರ ಬಹಳ ಬಿಗಿ. ಹಾಗಾಗಿ ಇಂದಿನ ಮುಚ್ಚಳ ಆ ಮುಚ್ಚಿದ ವ್ಯವಸ್ಥೆಯ ಒಂದು ಗೋಡೆಯಿದ್ದಂತೆ. ಅದರ ರಬ್ಬರ್ ಸಡಿಲವಾದರೆ ಪೆಟ್ರೋಲ್ ಎಂಜಿನ್ನುಗಳಲ್ಲಿ ಹೊರಗಿನ ಗಾಳಿಯನ್ನು ಎಂಜಿನ್ ಒಳಕ್ಕೆ ಸೆಳೆದುಕೊಳ್ಳುತ್ತದೆ. ಒಳಹೋಗುವ ಗಾಳಿಯನ್ನು ಸೆನ್ಸರ್ ನೇರವಾಗಿ ಅಳೆಯುವ ಕಾರುಗಳಲ್ಲಿ ಈ ಕಳ್ಳಗಾಳಿ ಲೆಕ್ಕಕ್ಕೆ ಸಿಗದೆ, ಗಾಳಿಗೆ ತಕ್ಕ ಪೆಟ್ರೋಲ್ ಸಿಂಪಡಣೆಯಾಗದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುವುದು, ಡ್ಯಾಶ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಳ್ಳುವುದು ಎಲ್ಲ ಆಗುತ್ತದೆ. ಕಾಯಿಲ್, ಪ್ಲಗ್, ಸೆನ್ಸರ್‌ಗಳನ್ನು ಒಂದೊಂದಾಗಿ ಬದಲಾಯಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವ ಮೊದಲು ಈ ಮುಚ್ಚಳದ ರಬ್ಬರನ್ನು ಒಮ್ಮೆ ನೋಡುವುದು ನ್ಯಾಯ. ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ: ಒಳಗಿನ ಒತ್ತಡವೇ ಆಯಿಲ್‌ನ ಮಂಜನ್ನು ಹೊರಕ್ಕೆ ತಳ್ಳಿ, ಮುಚ್ಚಳದ ಸುತ್ತ ಕಪ್ಪು ಜಿಡ್ಡು ಕಟ್ಟುತ್ತದೆ.

ಮಲೆನಾಡಿನ, ಕೊಡಗಿನ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮಳೆ ಅಥವಾ ಚಳಿಯ ದಿನಗಳಲ್ಲಿ ಮುಚ್ಚಳ ಬಿಚ್ಚಿದಾಗ ಅದರ ಒಳಮೈಗೆ ಕೆನೆಬಣ್ಣದ, ಬೆಣ್ಣೆಯಂತಹ ಪದಾರ್ಥ ಅಂಟಿಕೊಂಡಿರುವುದನ್ನು ಕೆಲವರು ನೋಡಿರಬಹುದು. ಅದನ್ನು ಕಂಡೊಡನೆ “ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು” ಎಂದು, ಅಂದರೆ ಎಂಜಿನ್ ತಣಿಸುವ ನೀರು (ಕೂಲಂಟ್) ಆಯಿಲ್‌ಗೆ ಸೇರದಂತೆ ತಡೆಯುವ ಪದರವೇ ಹಾಳಾಗಿದೆಯೆಂದು ಹೆದರಿಸುವವರಿದ್ದಾರೆ. ಹೆದರುವ ಮೊದಲು ಅದರ ಕಾರಣ ತಿಳಿಯಬೇಕು. 1 ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ 1 ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರ್ ಮೂಲಕ ಹೊರಟುಹೋದರೂ ಸ್ವಲ್ಪ ಅಂಶ ರಿಂಗುಗಳ ಸಂದಿಯಿಂದ ಒಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಆ ತೇವ ಆವಿಯಾಗಿ ಪಿಸಿವಿ ಮೂಲಕ ಹೊರಟುಹೋಗುತ್ತದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಎರಡು ಕಿಲೋಮೀಟರ್, ಸಂಜೆ ಸಂತೆಗೆ ಒಂದು ಕಿಲೋಮೀಟರ್ ಎಂಬಂತೆ ಓಡುವ ಕಾರಿನ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಎಂಜಿನ್ನಿನ ನೆತ್ತಿಯ ಮೇಲಿರುವ, ಹೊರಗಿನ ಗಾಳಿಗೆ ತಣ್ಣಗಾಗುವ ಜಾಗವೆಂದರೆ ಈ ಮುಚ್ಚಳ. ಅನ್ನದ ಪಾತ್ರೆಯ ತಟ್ಟೆಯ ಒಳಮೈಯಲ್ಲಿ ಹನಿ ಕಟ್ಟುವಂತೆ ಇಲ್ಲಿಯೂ ನೀರು ಹನಿಗಟ್ಟಿ, ಆಯಿಲ್‌ನೊಡನೆ ಕಲೆತು ಆ ಬೆಣ್ಣೆಯಂತಹ ಪದಾರ್ಥವಾಗುತ್ತದೆ.

ಮುಚ್ಚಳದಲ್ಲಿ ಮಾತ್ರ ಅದು ಕಂಡು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ತಿಳಿಯಾಗಿದ್ದು, ಕೂಲಂಟ್ ಮಟ್ಟ ಇಳಿಯದೆ, ಎಂಜಿನ್ ಕಾದ ಮೇಲೆಯೂ ಬಿಡದೆ ಬಿಳಿ ಹೊಗೆ ಬರುತ್ತಿಲ್ಲವಾದರೆ, ಒರೆಸಿ ತೆಗೆದು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ ನೋಡಬಹುದು. ಬಹುತೇಕ ಅದು ಕಡಿಮೆಯಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿಯೂ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಕೂಲಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದರೆ ಮಾತ್ರ ಕಾರನ್ನು ಓಡಿಸದೆ ಕೂಡಲೇ ಮೆಕ್ಯಾನಿಕ್‌ರನ್ನು ಕರೆಸಬೇಕು. ಇದೊಂದು ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಅನಗತ್ಯವಾಗಿ ಎಂಜಿನ್ ಬಿಚ್ಚಿಸಿದ್ದನ್ನೂ, ಇನ್ನು ಕೆಲವರು ನಿಜವಾಗಿ ಬಿಚ್ಚಬೇಕಾದಾಗ ಅಸಡ್ಡೆ ಮಾಡಿ ಎಂಜಿನ್ ಕಳೆದುಕೊಂಡದ್ದನ್ನೂ ನಾನು ಕೇಳಿದ್ದೇನೆ.

ಮುಚ್ಚಳದ ಆರೈಕೆಗೆ ತಗಲುವುದು ಐದು ನಿಮಿಷ. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡುವ ದಿನವೇ ಇದನ್ನೂ ನೋಡಿದರೆ ಸಾಕು. ಎಂಜಿನ್ ಆರಿಸಿ ತಣಿಯಲು ಬಿಡಬೇಕು. ಓಡುತ್ತಿರುವಾಗ ಬಿಚ್ಚಿದರೆ ಕಾದ ಎಣ್ಣೆ ಮುಖಕ್ಕೆ ಸಿಡಿಯಬಹುದು. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಒರೆಸಬೇಕು. ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಆ ಬಾಯಿಯೊಳಗೆ ಉದುರಿದರೆ ಬೇರಿಂಗುಗಳಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಬಿಚ್ಚಿದ ಮುಚ್ಚಳವನ್ನು ತಿರುಗಿಸಿ ಹಿಡಿದು, ಅದರ ರಬ್ಬರ್ ವಾಷರನ್ನು ಅಥವಾ ಓ-ರಿಂಗನ್ನು ಬೆಳಕಿನಲ್ಲಿ ನೋಡಬೇಕು. ಒಳ್ಳೆಯ ರಬ್ಬರ್ ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಮೊದಲಿನಂತಾಗುತ್ತದೆ. ವರ್ಷಗಟ್ಟಲೆ ಕಾದು ತಣಿದ ರಬ್ಬರ್ ಗಟ್ಟಿಯಾಗಿ, ದುಂಡಗಿದ್ದದ್ದು ಚಪ್ಪಟೆಯಾಗಿ, ಕೆಲವೊಮ್ಮೆ ಕೂದಲೆಳೆಯಂತಹ ಬಿರುಕುಗಳನ್ನು ತೋರಿಸುತ್ತದೆ. ಅಂತಹುದನ್ನು ಬದಲಾಯಿಸಲೇಬೇಕು. ಒರೆಸಲು ನೂಲು ಬಿಡದ ಶುಚಿಯಾದ ಬಟ್ಟೆ ಸಾಕು. ಪೆಟ್ರೋಲ್, ಥಿನ್ನರ್‌ಗಳಲ್ಲಿ ಅದ್ದಿ ತೊಳೆದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಎಂಜಿನ್ನಿನ ಬಾಯಿಯ ಅಂಚನ್ನೂ ಒರೆಸಿ, ರಬ್ಬರಿಗೆ ಬೆರಳಿನಿಂದ ಒಂದು ಹನಿ ಹೊಸ ಆಯಿಲ್ ಸವರಿ ಮುಚ್ಚಿದರೆ ಅದು ತಿರುಚಿಕೊಳ್ಳದೆ ಕೂರುತ್ತದೆ.

ಮುಚ್ಚುವುದರಲ್ಲಿಯೂ ಎರಡು ಬಗೆಯ ತಪ್ಪುಗಳಾಗುತ್ತವೆ. ನನ್ನ ಕಾರಿನಲ್ಲಿ ಆದಂತೆ ಅರ್ಧಕ್ಕೆ ಬಿಡುವುದು ಒಂದು. ಅನೇಕ ಕಾರುಗಳ ಮುಚ್ಚಳಕ್ಕೆ ತಿರುಪಿನ ಸುತ್ತುಗಳು (ಮರೆಗಳು) ಇರದೆ ಕಿವಿಗಳಂತಹ ಚಾಚುಗಳಿರುತ್ತವೆ. ಅವು ಎದುರಿನ ಕಚ್ಚುಗಳಲ್ಲಿ ಕೂತು, ಕಾಲು ಸುತ್ತು ತಿರುಗಿ ತಡೆ ಸಿಗುವವರೆಗೆ ಹೋಗಬೇಕು. ಇನ್ನೊಂದು, ಮರೆಯ ಮುಚ್ಚಳವನ್ನು ಇಕ್ಕುಳದಿಂದಲೋ ಪಾನಾದಿಂದಲೋ ಬಿಗಿಯುವುದು. ಕೈಯ ಬಿಗಿ ಸಾಕು. ಈಗಿನ ಟ್ಯಾಪೆಟ್ ಕವರುಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಬಾಯಿಯ ಕಚ್ಚು ಮುರಿದರೆ ಮುಚ್ಚಳವಲ್ಲ, ಇಡೀ ಕವರನ್ನೇ ಬದಲಾಯಿಸಬೇಕಾಗುತ್ತದೆ. ಸೋರುವ ಮುಚ್ಚಳಕ್ಕೆ ಸಿಲಿಕೋನ್ ಗಮ್ ಹಚ್ಚಿ ಅಂಟಿಸಿ ಕಳಿಸುವ ಪದ್ಧತಿಯನ್ನೂ ನಾನು ಕಂಡಿದ್ದೇನೆ. ಮುಂದಿನ ಸಲ ಬಿಚ್ಚುವಾಗ ಆ ಗಮ್ಮಿನ ಚೂರುಗಳು ಒಳಗೆ ಬಿದ್ದು, ಆಯಿಲ್ ಹೀರುವ ಜಾಲರಿಗೆ ಕಟ್ಟಿಕೊಂಡರೆ ಎಂಜಿನ್ನಿಗೆ ಆಯಿಲ್ ತಲುಪುವುದೇ ನಿಲ್ಲಬಹುದು. ಕೆಲವು ನೂರು ರೂಪಾಯಿಯೊಳಗೆ ಮುಗಿಯುವ ಕೆಲಸಕ್ಕೆ ಇಂತಹ ಅಪಾಯ ತಂದುಕೊಳ್ಳಬಾರದು.

ಬದಲಾಯಿಸುವಾಗ ಅಳತೆ ಒಂದೇ ಕಂಡಿತೆಂದು ಯಾವುದೋ ಮುಚ್ಚಳ ತಂದು ಹಾಕುವುದು ಸರಿಯಲ್ಲ. ಹಳೆಯ ಮಾದರಿಯ ಉಸಿರಾಡುವ ಮುಚ್ಚಳವನ್ನು ಮುಚ್ಚಿದ ವ್ಯವಸ್ಥೆಯ ಎಂಜಿನ್ನಿಗೆ ಹಾಕಿದರೆ ಮೇಲೆ ಹೇಳಿದ ಕಳ್ಳಗಾಳಿಯ ತೊಂದರೆ ಶುರುವಾಗುತ್ತದೆ. ಉಸಿರಾಟಕ್ಕೆ ಮುಚ್ಚಳವನ್ನೇ ನೆಚ್ಚಿದ ಹಳೆಯ ಎಂಜಿನ್ನಿಗೆ ಬಿಗಿ ಮುಚ್ಚಳ ಹಾಕಿದರೆ ಒಳಗಿನ ಒತ್ತಡ ಏರಿ ಆಯಿಲ್ ಸೀಲುಗಳು ಸೋರತೊಡಗುತ್ತವೆ. ಕಾರಿನ ಚಾಸಿಸ್ ನಂಬರ್ ಹೇಳಿ, ಅದಕ್ಕೆ ಹೊಂದುವ ಪಾರ್ಟ್ ನಂಬರಿನದನ್ನೇ ಕೇಳಿ ಪಡೆಯಬೇಕು. ಕೆಲವು ಕಾರುಗಳಿಗೆ ರಬ್ಬರ್ ರಿಂಗ್ ಪ್ರತ್ಯೇಕವಾಗಿ ಸಿಗುತ್ತದೆ, ಕೆಲವಕ್ಕೆ ಇಡೀ ಮುಚ್ಚಳವನ್ನೇ ಕೊಳ್ಳಬೇಕು. ಸಾಮಾನ್ಯ ರಬ್ಬರ್ ಕಾದ ಆಯಿಲ್‌ನಲ್ಲಿ ಬೇಗ ಕರಗುವಂತೆ ಮೆದುವಾಗುವುದರಿಂದ, ನಲ್ಲಿಗೆ ಹಾಕುವ ವಾಷರ್ ಕತ್ತರಿಸಿ ಕೂರಿಸುವುದು ಎರಡು ದಿನದ ಉಪಾಯವೂ ಅಲ್ಲ. ಅಂದಕ್ಕೆಂದು ಮಾರುವ ಬಣ್ಣದ ಅಲ್ಯೂಮಿನಿಯಂ ಮುಚ್ಚಳಗಳನ್ನು ಹಾಕಿಸಿಕೊಳ್ಳುವ ಯುವಕರು ಅವುಗಳ ರಬ್ಬರ್ ತಮ್ಮ ಎಂಜಿನ್ನಿನ ಬಾಯಿಗೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ಮೊದಲು ನೋಡಲಿ. ಹೊಸ ಮುಚ್ಚಳ ಹಾಕಿದ ಮೇಲೂ ಅಲ್ಲಿಂದಲೇ ಆಯಿಲ್ ಒತ್ತಿ ಬರುತ್ತಿದ್ದರೆ ದೋಷ ಮುಚ್ಚಳದಲ್ಲಿಲ್ಲ. ಪಿಸಿವಿ ಕಟ್ಟಿಕೊಂಡಿರಬಹುದು ಅಥವಾ ಪಿಸ್ಟನ್ ರಿಂಗುಗಳು ಸವೆದಿರಬಹುದು, ಅದನ್ನು ತಿಳಿದವರಿಂದ ನೋಡಿಸಬೇಕು. ಹಾಗೆಯೇ, ವಾಟರ್ ಸರ್ವಿಸ್ ಮಾಡಿಸುವಾಗ ರಭಸದ ನೀರನ್ನು ಮುಚ್ಚಳದ ಮೇಲೆ ನೇರವಾಗಿ ಬಿಡಬೇಡಿರೆಂದು ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ರಬ್ಬರ್ ಸವೆದಿದ್ದರೆ ಆ ನೀರಿಗೆ ಒಳಗೆ ಹೋಗಲು ದಾರಿ ಸಿಗುತ್ತದೆ.

ಇನ್ನೊಂದು ಮಾತು. ನಮ್ಮ ಬೀದಿಯಲ್ಲಿ ಹೊಸದಾಗಿ ಕಾರು ಕೊಂಡವರೊಬ್ಬರು ಗಾಜು ತೊಳೆಯುವ ನೀರಿನ ಬಾಯಿ ಇದೇ ಎಂದು ತಿಳಿದು ಆಯಿಲ್ ಬಾಯಿಗೆ ಒಂದು ತಂಬಿಗೆ ನೀರು ಸುರಿದಿದ್ದರು. ಪುಣ್ಯಕ್ಕೆ ಅನುಮಾನ ಬಂದು ನನ್ನನ್ನು ಕೇಳಿದರು. ಕೀಲಿ ತಿರುಗಿಸಬೇಡಿರೆಂದು ಹೇಳಿ, ಕಾರನ್ನು ಎಳೆಸಿಕೊಂಡು ಹೋಗಿ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಸಹಿತ ಹೊಸದು ಹಾಕಿಸಿದ್ದರಿಂದ ಎಂಜಿನ್ ಉಳಿಯಿತು. ಒಮ್ಮೆ ಚಾಲೂ ಮಾಡಿದ್ದರೆ ಆ ನೀರು ಆಯಿಲ್ ಪಂಪಿನ ಮೂಲಕ ಎಲ್ಲ ಬೇರಿಂಗುಗಳಿಗೂ ಹೋಗುತ್ತಿತ್ತು. ಮುಚ್ಚಳದ ಮೇಲೆ ಹನಿ ಬೀಳುತ್ತಿರುವ ಎಣ್ಣೆ ಗಿಂಡಿಯ ಚಿತ್ರವಿದೆ, ಹಲವು ಕಾರುಗಳಲ್ಲಿ 5ಡಬ್ಲ್ಯು-30 ಮುಂತಾಗಿ ಯಾವ ಆಯಿಲ್ ಹಾಕಬೇಕೆಂಬುದನ್ನೂ ಅಚ್ಚೊತ್ತಿರುತ್ತಾರೆ. ಆ ಅಕ್ಷರಗಳ ಅರ್ಥವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾರಿನೊಡನೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಕರ್ನಾಟಕದಲ್ಲಿ ಮಾರುವ ಕಾರಿನ ಕೈಪಿಡಿಯಲ್ಲಿ ಬಾನೆಟ್ಟಿನ ಕೆಳಗಿನ ಭಾಗಗಳ ಪುಟಗಳನ್ನಾದರೂ ಕನ್ನಡದಲ್ಲಿ ಕೊಡಲು ತಯಾರಕರು ಮನಸ್ಸು ಮಾಡಬೇಕು. ಡ್ರೈವಿಂಗ್ ಶಾಲೆಯವರು ಕಲಿಕೆಯ ಒಂದು ಬೆಳಗನ್ನು ಬಾನೆಟ್ ಎತ್ತಿ ತೋರಿಸಲು ಮೀಸಲಿಟ್ಟರೆ ಅದೂ ದೊಡ್ಡ ಉಪಕಾರ.

ಗ್ಯಾರೇಜುಗಳಲ್ಲಿ ದುಡಿಯುವವರ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ದಿನ ಹತ್ತಾರು ಕಾರುಗಳಿಗೆ ಆಯಿಲ್ ಹಾಕುವ ಹುಡುಗನೊಬ್ಬ ನಡುವೆ ಯಾರೋ ಕರೆದರೆಂದು ಹೋಗಿ ಬಂದು ಮುಚ್ಚಳ ಮರೆಯುವುದು ಸಹಜ. ಮರೆವನ್ನು ಬೈದು ನಿವಾರಿಸಲಾಗದು, ಪದ್ಧತಿಯಿಂದ ನಿವಾರಿಸಬಹುದು. ಹಳೆಯ ಮೆಕ್ಯಾನಿಕ್‌ರೊಬ್ಬರು ನನಗೆ ಹೇಳಿದ ಕ್ರಮ ಇದು: ಬಿಚ್ಚಿದ ಆಯಿಲ್ ಕ್ಯಾಪನ್ನು ಬ್ಯಾಟರಿಯ ಮೇಲೆ, ವೈಪರ್ ಬುಡದಲ್ಲಿ ಎಲ್ಲೆಂದರಲ್ಲಿ ಇಡದೆ, ಬಾನೆಟ್ ಬಂದು ಕಚ್ಚಿಕೊಳ್ಳುವ ಲಾಕಿನ ಮೇಲೆಯೇ ಇಡಬೇಕು. ಆಗ ಮುಚ್ಚಳವನ್ನು ಅಲ್ಲಿಂದ ತೆಗೆಯದೆ ಬಾನೆಟ್ ಹಾಕಲು ಬರುವುದಿಲ್ಲ. ಕೈಗೆ ತೆಗೆದುಕೊಂಡ ಮೇಲೆ ಅದರ ಜಾಗಕ್ಕೆ ಹಾಕದೆ ಇರುವುದಿಲ್ಲ. ಬಾನೆಟ್ಟನ್ನು ಮೇಲಿಂದ ಬಲವಾಗಿ ಬಡಿದು ಹಾಕುವ ಅಭ್ಯಾಸವಿರುವವರು ಮಾತ್ರ ಮೊದಲು ಕಣ್ಣಿಟ್ಟು ನೋಡಬೇಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ನಮ್ಮ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ನೀಡುವ ಶಿಕ್ಷಕರು ಮೊದಲ ದಿನದಿಂದಲೇ ಈ ರೂಢಿಯನ್ನು ಮಕ್ಕಳ ಕೈಗೆ ಹಿಡಿಸಬೇಕೆಂದು ಶಿಕ್ಷಕನಾಗಿದ್ದವನ ನೆಲೆಯಿಂದ ವಿನಂತಿಸುತ್ತೇನೆ.

ಸರ್ವಿಸ್ ಕೇಂದ್ರಗಳ ಮಾಲೀಕರಲ್ಲಿ ಒಂದು ಕೋರಿಕೆ. ಟೈರಿನ ಗಾಳಿ, ಬ್ರೇಕ್ ಆಯಿಲ್, ವೈಪರ್ ಬ್ಲೇಡ್ ಎಂದು ಗುರುತು ಹಾಕುವ ನಿಮ್ಮ ಜಾಬ್ ಕಾರ್ಡಿನಲ್ಲಿ ‘ಆಯಿಲ್ ಕ್ಯಾಪ್: ರಬ್ಬರ್ ನೋಡಿದೆ, ಬಿಗಿ ನೋಡಿದೆ’ ಎಂಬ ಒಂದು ಸಾಲು ಸೇರಿಸಿ, ಆಯಿಲ್ ಹಾಕಿದವರಲ್ಲದೆ ಮತ್ತೊಬ್ಬರು ಅದಕ್ಕೆ ಸಹಿ ಹಾಕುವಂತೆ ಮಾಡಿ. ಕಾರಿನ ಮಾಲೀಕರು ಬಿಲ್ ಕಟ್ಟಿ ಕೀಲಿ ಪಡೆಯುವ ಮುನ್ನ ಬಾನೆಟ್ ಎತ್ತಿಸಿ ಆ ಮುಚ್ಚಳವನ್ನು ಸ್ವತಃ ಮುಟ್ಟಿ ನೋಡಬೇಕು. ನಾನು ಈಗ ಹಾಗೆಯೇ ಮಾಡುತ್ತೇನೆ. ಮೊದಮೊದಲು ಮುಖ ಗಂಟಿಕ್ಕುತ್ತಿದ್ದ ಗ್ಯಾರೇಜಿನವರು ಈಗ ನಾನು ಹೋದೊಡನೆ ತಾವೇ ಬಾನೆಟ್ ಎತ್ತಿ ನಿಲ್ಲಿಸುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಸಾಗರ, ಶಿವಮೊಗ್ಗ ಜಿಲ್ಲೆ